ಎರಡೂ ಬಿಳಿಯೇ, ಆದರೂ ಬಗೆಹರಿಯದು

ಈ ಶೇಡ್ ಕಾರ್ಡ್ ಕಂಡುಹಿಡಿದ ಪುಣ್ಯಾತ್ಮ ಸ್ವಂತ ಮನೆಗೆ ಪೇಂಟ್ ಮಾಡಿಸಿದ್ದನೋ ಇಲ್ಲವೋ! ಹೆಬ್ಬೆರಳಗಲದ ಚೌಕ ನೋಡಿ ಇಡೀ ಹಾಲ್‌ನ ಬಣ್ಣ ಆರಿಸಬೇಕಂತೆ.

ನಮ್ಮಲ್ಲಿ ಕಡೆಗೆ ಉಳಿದದ್ದು ಎರಡು. ಒಂದು ಕೆನೆ ಬಣ್ಣ, ಇನ್ನೊಂದು ತುಸು ಬೂದು ಬೆರೆತ ಬಿಳಿ. ಅಂಗಡಿಯ ಟ್ಯೂಬ್‌ಲೈಟಿನಡಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಮನೆಗೆ ತಂದು ಗೋಡೆಗೆ ಬಳಿದರೆ ಗಳಿಗೆಗೊಂದು ವೇಷ. ನಮ್ಮದು ಉತ್ತರದ ಕಿಟಕಿ. ಅಲ್ಲಿಂದ ನೇರ ಬಿಸಿಲು ಬರೋದು ಅಪರೂಪ, ಬರೋ ಬೆಳಕೂ ನೀಲಿ ಕಡೆಗೆ ವಾಲಿದ್ದು. ಅದರಲ್ಲಿ ಬೂದು ಬಿಳಿ ನೋಡಿದರೆ ಸೂತಕದ ಮನೆ ಹೊಕ್ಕ ಹಾಗಾಗುತ್ತೆ. ಸರಿ, ಕೆನೆಯೇ ಇರಲಿ ಅಂದುಕೊಂಡರೆ ರಾತ್ರಿ 3000 ಕೆಲ್ವಿನ್ ಎಲ್‌ಇಡಿ, ಅಂದರೆ ಹಳದಿ ಬೆಳಕಿನ ಬಲ್ಬ್, ಹಾಕಿದ ತಕ್ಷಣ ಹಳದಿ ಹೊಡೆಯುತ್ತೆ. 6500ರ ಬಿಳಿ ಬೆಳಕಿನ ಬಲ್ಬ್ ಹಾಕಿದರೆ ಮತ್ತೆ ಬೇರೆ! ಪೇಂಟ್ ಆರಿಸೋದೋ, ಬಲ್ಬ್ ಆರಿಸೋದೋ?

ಸಾಲದ್ದಕ್ಕೆ ಈ ಎಮಲ್ಷನ್ ಪೇಂಟ್ ಹಸಿಯಾಗಿದ್ದಾಗ ತಿಳಿಯಾಗಿದ್ದು ಒಣಗಿದ ಮೇಲೆ ಗಾಢವಾಗುತ್ತೆ. ಪಕ್ಕದಲ್ಲಿ ಹಳೇ ಹಸಿರು ಗೋಡೆ ಬೇರೆ, ಅದರೆದುರು ಕಣ್ಣೂ ಮೋಸ ಹೋಗುತ್ತೆ.

ಅತ್ತೆಯದು ಒಂದೇ ಮಾತು: "ಯಾವುದಾದ್ರೂ ಹೊಡಸ್ರಪ್ಪ, ಹೇಗೂ ಮಕ್ಕಳು ಕೈ ಒರೆಸ್ತವೆ." ಪೇಂಟರ್ ಅಂತೂ ದಿನಾ ಫೋನ್, "ಸಾರ್, ಫೈನಲ್ ಆಯ್ತಾ?" ಆಗಿಲ್ಲ ಮಾರಾಯ! ಅಂಗಡಿಯವನು ಟಿಂಟ್ ಹಾಕಿದ, ಅಂದರೆ ಬಣ್ಣ ಬೆರೆಸಿದ ಡಬ್ಬ ವಾಪಸ್ ತಗೊಳ್ಳಲ್ಲ ಅಂತ ಮೊದಲೇ ಹೇಳಿದ್ದಾನೆ, ಇಪ್ಪತ್ತು ಲೀಟರಿನ ದುಡ್ಡು ನಿಮ್ಮಪ್ಪ ಕೊಡ್ತಾನಾ?