ಸತ್ಯಾಂಶ: ಆ ರೆಕ್ಕೆ ಕುದುರೆಗಳು ಕಲ್ಲಿನವಲ್ಲ

ಜೋಡಿ ರೆಕ್ಕೆ ಕುದುರೆಗಳ ಫೋಟೋ ಹಾಕಿ 'ಒಂದೇ ಕಲ್ಲಲ್ಲಿ ಕೆತ್ತಿದ ರೋಮನ್ ಶಿಲ್ಪ' ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡುತ್ತಾರೆ, ನೋಡಿದ್ದೀರಲ್ವಾ? ಅದು ತಪ್ಪು. ಇದು ಸುಟ್ಟ ಜೇಡಿಮಣ್ಣು. ಮಾಡಿದವರು ಇಟಲಿಯ ಪ್ರಾಚೀನ ಜನಾಂಗವಾದ ಎಟ್ರಸ್ಕನ್ನರು, ಕ್ರಿ.ಪೂ. 4ನೇ ಶತಮಾನದಲ್ಲಿ. ಅವರ ದೇವಾಲಯಗಳ ಚಾವಣಿ ಮರದ್ದು, ಹಾಗಾಗಿ ಮಳೆಯಿಂದ ತೊಲೆ ಕಾಪಾಡೋಕೆ ಮಣ್ಣಿನ ಹಲಗೆಗಳನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು, ಅದರ ಮೇಲೇ ಇಂಥ ಪ್ರಾಣಿಗಳು ಅರಳುತ್ತಿದ್ದವು. ಈ ಕುದುರೆಗಳು ಇಟಲಿಯ ತಾರ್ಕ್ವಿನಿಯಾ ಪಟ್ಟಣದ ದೊಡ್ಡ ದೇವಾಲಯದವು. ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. 1938ರಲ್ಲಿ ಸಿಕ್ಕಾಗ ಒಂದೇ ಕಲ್ಲಲ್ಲ, ನೂರಕ್ಕೂ ಹೆಚ್ಚು ಚೂರು! ಅವನ್ನು ತಾಳ್ಮೆಯಿಂದ ಜೋಡಿಸಿದ್ದಾರೆ. ಫೋಟೋ ದೊಡ್ಡದು ಮಾಡಿ ನೋಡಿ, ಬಿರುಕಿನ ಗೆರೆಗಳು ಕಾಣುತ್ತವೆ. ಬಾಗಿದ ಕತ್ತು, ಬಿಗಿದ ಮೈಕಟ್ಟು, ಈಗಲೇ ಹೊರಟುಬಿಡುವ ಹಾಗೆ ಎತ್ತಿದ ಕಾಲು. ಹಸಿ ಮಣ್ಣನ್ನು ಬೆರಳಲ್ಲಿ ತಿದ್ದಿದ ಕೈಗಳ ಕೆಲಸ ಅದು.