ಕೊನೆಯ ಪಾಯಿಂಟನ್ನು ಸೋತವನ ಕಣ್ಣಿಂದ ತೋರಿಸಿದ ಸಿನಿಮಾ

ಆಟದ ಸಿನಿಮಾ ಅಂದರೆ ಎದುರಾಳಿ ಕೆಟ್ಟವನಾಗಿರಲೇಬೇಕು ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಅವನು ಮೋಸ ಮಾಡುತ್ತಾನೆ, ರೆಫ್ರಿಗೆ ದುಡ್ಡು ಕೊಡುತ್ತಾನೆ, ಹೀರೋ ಕಾಲು ಮುರಿಸುತ್ತಾನೆ. ಕೊನೆಗೆ ಅವನು ಸೋತರೆ ಚಪ್ಪಾಳೆ, ಸಿನಿಮಾ ಮುಗಿಯಿತು. ಸೋತವನು ಆಮೇಲೆ ಏನಾದ ಅಂತ ಯಾರೂ ಕೇಳುವುದಿಲ್ಲ. ಶಾಲಾ ಹುಡುಗರ ವಾಲಿಬಾಲ್ ಬಗ್ಗೆ ಇರುವ ಜಪಾನಿನ ಅನಿಮೇಷನ್ ಸಿನಿಮಾ ‘ಹೈಕ್ಯೂ: ದಿ ಡಂಪ್‌ಸ್ಟರ್ ಬ್ಯಾಟಲ್’ ನನಗೆ ಇಷ್ಟು ಹಿಡಿಸಿದ್ದು ಇದೇ ಕಾರಣಕ್ಕೆ. ಅದರಲ್ಲಿ ಕೆಟ್ಟವರೇ ಇಲ್ಲ. ಅಷ್ಟೇ ಅಲ್ಲ, ಪಂದ್ಯದ ಕೊನೆಯ ಪಾಯಿಂಟನ್ನು ನಾವು ನೋಡುವುದು ಸೋಲುವ ಹುಡುಗನ ಕಣ್ಣಿಂದ.

ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳದೆ ಈ ಸಿನಿಮಾ ಬಗ್ಗೆ ಮಾತಾಡಲು ನನಗೆ ಬರುವುದಿಲ್ಲ. ಇನ್ನೂ ನೋಡಿಲ್ಲದವರು ನೋಡಿಕೊಂಡು ಬಂದು ಓದಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಇದರ ಮೂಲ ಹಾರುಇಚಿ ಫುರುದಾತೆ ಬರೆದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. ಅದು 2012ರಿಂದ 2020ರವರೆಗೆ ವಾರಪತ್ರಿಕೆಯಲ್ಲಿ ಬಂತು. ಟಿವಿ ಸರಣಿ 2014ರಲ್ಲಿ ಶುರುವಾಯಿತು. ಈ ಸಿನಿಮಾ ಜಪಾನಿನಲ್ಲಿ ತೆರೆಕಂಡಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿ ಒಂದು ಸಾವಿರ ಕೋಟಿ ಯೆನ್‌ಗಿಂತ ಜಾಸ್ತಿ ಗಳಿಸಿತು. ಸರಣಿಯ ಮೊದಲ ಮೂರು ಸೀಸನ್ ಮಾಡಿದ್ದ ಸುಸುಮು ಮಿತ್ಸುನಾಕಾ ಅವರೇ ಇದನ್ನೂ ನಿರ್ದೇಶಿಸಿದ್ದಾರೆ. ಇದರಲ್ಲಿ ಎದುರಾಗುವುದು ಮಿಯಾಗಿ ಪ್ರಾಂತ್ಯದ ಕರಾಸುನೊ ಹೈಸ್ಕೂಲು, ಟೋಕಿಯೊದ ನೆಕೊಮಾ ಹೈಸ್ಕೂಲು. ಒಂದರ ಗುರುತು ಕಾಗೆ, ಇನ್ನೊಂದರದ್ದು ಬೆಕ್ಕು. ಕಸದ ಗುಂಡಿ ಹತ್ತಿರ ಕಾಗೆಗೂ ಬೆಕ್ಕಿಗೂ ಜಗಳ ಆಗುತ್ತಲ್ಲ, ಪಂದ್ಯಕ್ಕೆ ಆ ಹೆಸರು ಬಂದಿದ್ದು ಹಾಗೆ. ಎರಡೂ ತಂಡದ ಹಳೆಯ ಕೋಚ್‌ಗಳಿಗೆ ರಾಷ್ಟ್ರೀಯ ಟೂರ್ನಿಯಲ್ಲಿ ಒಮ್ಮೆ ಎದುರಾಗಬೇಕು ಅನ್ನುವ ಆಸೆ. ಅವರ ಕಾಲದಲ್ಲಿ ಅದು ಕೈಗೂಡಲೇ ಇಲ್ಲ. ಈಗಿನ ಹುಡುಗರು ಅಭ್ಯಾಸ ಪಂದ್ಯ ಎಷ್ಟೋ ಆಡಿದ್ದಾರೆ. ಅಲ್ಲಿ ಸೋತರೆ ‘ಇನ್ನೊಂದು ಮ್ಯಾಚ್’ ಅನ್ನಬಹುದು. ಈ ಪಂದ್ಯ ಮಾತ್ರ ನಾಕೌಟ್. ಸೋತವರು ಮನೆಗೆ.

ಜಪಾನಿನ ಶಾಲಾ ವಾಲಿಬಾಲ್‌ನಲ್ಲಿ ಇದಕ್ಕೆ ಬೇರೆಯೇ ಭಾರ ಇದೆ. ಈ ಪಂದ್ಯ ನಡೆಯುವ ರಾಷ್ಟ್ರೀಯ ‘ವಸಂತದ ಹೈಸ್ಕೂಲ್ ಟೂರ್ನಿ’ ಮೊದಲು ಮಾರ್ಚ್‌ನಲ್ಲಿ ನಡೆಯುತ್ತಿತ್ತು. ಕೊನೆಯ ವರ್ಷದ ಮಕ್ಕಳಿಗೆ ಅಷ್ಟರಲ್ಲಿ ಶಾಲೆ ಮುಗಿದಿರುತ್ತಿತ್ತು, ಆಡಲು ಆಗುತ್ತಿರಲಿಲ್ಲ. 2011ರಿಂದ ಅದು ಜನವರಿಗೆ ಬಂತು. ಹಾಗಾಗಿ ಮೂರನೇ ವರ್ಷದವರಿಗೆ ಇದೇ ಕೊನೆಯ ಟೂರ್ನಿ. ಸೋತ ದಿನವೇ ಶಾಲೆಯ ಜರ್ಸಿ ತೆಗೆದಿಡಬೇಕು. ನೆಕೊಮಾದ ಕ್ಯಾಪ್ಟನ್ ಕುರೋ ಅಂಥವನು.

ಆದರೆ ಸಿನಿಮಾ ನಿಂತಿರುವುದು ಕುರೋ ಮೇಲಲ್ಲ, ಅವನ ಗೆಳೆಯ ಕೆನ್ಮಾ ಮೇಲೆ. ಕೆನ್ಮಾ ನೆಕೊಮಾದ ಸೆಟರ್. ನಮ್ಮ ಕಡೆ ಲಿಫ್ಟರ್ ಅಂತೀವಲ್ಲ, ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು, ಅದೇ. ಮೈ ಬಗ್ಗಿಸಲು ಇಷ್ಟವಿಲ್ಲ, ಬೆವರು ಕಂಡರಾಗದು, ಕೈಯಲ್ಲಿ ಯಾವಾಗಲೂ ವಿಡಿಯೋ ಗೇಮ್. ವಾಲಿಬಾಲ್ ಇಷ್ಟವಾ ಅಂದರೆ ‘ಹಾಗೇನಿಲ್ಲ’ ಅನ್ನುತ್ತಾನೆ. ಕುರೋ ಕರೆದ, ಬಂದ, ಅಷ್ಟೇ. ಕರಾಸುನೊದ ಹಿನಾತಾ ಇದಕ್ಕೆ ಪೂರ್ತಿ ಉಲ್ಟಾ. 162 ಸೆಂಟಿಮೀಟರ್ ಆಸುಪಾಸಿನ ಹುಡುಗ. ನೆಟ್ ಮಧ್ಯೆ ಎದುರಾಳಿಯ ಹೊಡೆತ ತಡೆಯಲು ಎತ್ತರದವರೇ ನಿಲ್ಲುವ ಮಿಡಲ್ ಬ್ಲಾಕರ್ ಜಾಗದಲ್ಲಿ ನಿಂತು ಹಾರಿ ಹಾರಿ ಹೊಡೆಯುತ್ತಾನೆ. ಒಂದು ದಿನ ನಿನ್ನ ಬಾಯಿಂದ ‘ಹಾಗೇನಿಲ್ಲ’ ಬಿಟ್ಟು ಬೇರೆ ಮಾತು ಬರಿಸುತ್ತೇನೆ ಅಂತ ಅವನು ಕೆನ್ಮಾಗೆ ಮಾತು ಕೊಟ್ಟಿರುತ್ತಾನೆ. ಇಡೀ ಪಂದ್ಯದಲ್ಲಿ ನನಗೆ ಸ್ಕೋರಿಗಿಂತ ಈ ಪಣದ ಚಿಂತೆಯೇ ಜಾಸ್ತಿಯಾಗಿತ್ತು.

ಕೆನ್ಮಾ ಹಿನಾತಾನನ್ನು ಕಟ್ಟಿಹಾಕುವ ರೀತಿ ನೋಡಬೇಕು. ಬ್ಲಾಕ್ ಮಾಡಿ ತಡೆಯುವುದಲ್ಲ, ಅವನ ಓಟವನ್ನೇ ಕೆಡಿಸುವುದು. ಹಾರುವವನಿಗೆ ಹಿಂದಿನಿಂದ ಓಡಿ ಬರಲು ಜಾಗ ಬೇಕು. ನೆಕೊಮಾದವರು ಸರ್ವ್ ಹಾಕುವಾಗ ಚೆಂಡನ್ನು ಸರಿಯಾಗಿ ಅವನು ಓಡಿ ಬರುವ ದಾರಿಯಲ್ಲೇ ಬೀಳಿಸುತ್ತಾರೆ. ಈಗ ಅವನೇ ಬಗ್ಗಿ ಎತ್ತಬೇಕು, ಇಲ್ಲಾ ಎತ್ತುವ ಜೊತೆಗಾರನಿಗೆ ದಾರಿ ಬಿಡಬೇಕು. ಎರಡರಲ್ಲಿ ಯಾವುದು ಮಾಡಿದರೂ ಒಂದು ಹೆಜ್ಜೆ ತಡ. ಆ ಒಂದು ಹೆಜ್ಜೆ ಸಾಕು. ಅವನ ಶಕ್ತಿ ಪೂರ್ತಿ ವೇಗದಲ್ಲಿದೆ, ಆ ವೇಗವೇ ಹೋಯಿತು. ಕೆನ್ಮಾ ಬೈಯುವುದಿಲ್ಲ, ಕೆಣಕುವುದಿಲ್ಲ, ತಾನು ಜಾಸ್ತಿ ಓಡುವುದೂ ಇಲ್ಲ. ಹಿನಾತಾ ಪಾಯಿಂಟಿಗೊಂದಿಷ್ಟು ಸಪ್ಪಗಾಗುತ್ತಾ ಹೋಗುತ್ತಾನೆ.

ಅವನು ಸಪ್ಪಗಾದಷ್ಟೂ ಕೆನ್ಮಾಗೆ ಖುಷಿಯಾಗಬೇಕಲ್ವಾ? ಆಗುವುದಿಲ್ಲ. ಇಷ್ಟು ಬೇಗ ಮುಗಿದುಹೋಗಬೇಡ ಅಂತ ಒಳಗೊಳಗೇ ಹಂಬಲಿಸುತ್ತಾನೆ. ಗೆಲ್ಲುತ್ತಿರುವವನಿಗೆ ಎದುರಾಳಿ ಕುಸಿಯಬಾರದು ಅನ್ನಿಸುತ್ತಿದೆ! ಆಟ ಆಡಿದವರಿಗೆ ಇದು ಅರ್ಥವಾಗುತ್ತದೆ. ಒಳ್ಳೆಯ ಜೋಡಿ ಎದುರು ಸಿಕ್ಕ ದಿನ ನಮಗೇ ಗೊತ್ತಿರದ ಆಟ ನಮ್ಮಿಂದ ಹೊರಗೆ ಬರುತ್ತದೆ. ಜೊಳ್ಳು ತಂಡದ ಮೇಲೆ ಗೆದ್ದ ಆಟ ಸಂಜೆಗೆ ಮರೆತುಹೋಗಿರುತ್ತದೆ.

ಆಗ ಕರಾಸುನೊದ ಸೆಟರ್ ಕಗೆಯಾಮಾ ಮಾಡುವುದು ತುಂಬಾ ಸರಳ. ಯಾವಾಗಲೂ ಮಿಂಚಿನಂತೆ ಚೆಂಡು ಕೊಡುವವನು ಈ ಸಲ ಎತ್ತರಕ್ಕೆ, ತುಂಬಾ ಎತ್ತರಕ್ಕೆ ಎತ್ತುತ್ತಾನೆ. ಹಿನಾತಾಗೆ ಹಿಂದೆ ಹೋಗಿ ಓಡಿ ಬರಲು ಸಮಯ ಸಿಗಲಿ ಅಂತ. ಎರಡೂ ಕಾಲು ನೆಲಕ್ಕೆ ಧಡ್ ಅಂತ ಬಡಿದು ಆ ಹುಡುಗ ಮೇಲೇಳುವಾಗ ನನ್ನ ಕಣ್ಣಲ್ಲಿ ನೀರಿತ್ತು.

ಕೊನೆಯ ಸೆಟ್. ಉಸಿರು ಕಟ್ಟುವಂಥ ಉದ್ದನೆಯ ರ‍್ಯಾಲಿ ಆದಮೇಲೆ ಕೆನ್ಮಾ ನೆಲದ ಮೇಲೆ ಚಾಚಿಕೊಂಡು ಬಿದ್ದು ‘ಮಜಾ ಬಂತು’ ಅಂದುಬಿಡುತ್ತಾನೆ. ನೆಟ್‌ನ ಆಚೆ ಹಿನಾತಾ ಮುಷ್ಟಿ ಬಿಗಿದು ಕೂಗುತ್ತಾನೆ. ಅವನು ಪಾಯಿಂಟ್ ಗೆದ್ದಾಗ ಕೂಗುವುದಕ್ಕಿಂತ ಇದು ಜೋರು.

ಆಮೇಲೆ ಆ ಕೊನೆಯ ರ‍್ಯಾಲಿ. ಕ್ಯಾಮೆರಾ ಕೆನ್ಮಾ ತಲೆಯೊಳಗೆ ಹೋಗಿ ಕೂರುತ್ತದೆ. ಅವನ ಕೈ ಮಾತ್ರ ನಮಗೆ ಕಾಣುತ್ತದೆ, ಹಣೆಗೆ ಅಂಟಿದ ಕೂದಲು ಕಾಣುತ್ತದೆ. ಕೇಳಿಸುವುದು ಏದುಸಿರು, ಶೂ ಕಿರುಗುಟ್ಟುವ ಸದ್ದು. ಚೆಂಡು ಎಲ್ಲಿದೆ ಅಂತ ನಾವೂ ಅವನ ಜೊತೆ ತಲೆ ತಿರುಗಿಸಿ ಹುಡುಕಬೇಕು. ಕೊನೆಗೆ ಚೆಂಡು ಅವನ ಬೆರಳಿಗೆ ಬರುತ್ತದೆ. ಅಷ್ಟೂ ಜನರ ಬೆವರು ಹತ್ತಿ ಒದ್ದೆಯಾಗಿರುವ ಚೆಂಡು. ಜಾರಿಬಿಡುತ್ತದೆ. ಪಂದ್ಯ ಮುಗಿಯಿತು. ದೊಡ್ಡ ಸ್ಮ್ಯಾಷ್ ಇಲ್ಲ, ಹೀರೋ ಹಾರಿ ಹೊಡೆದ ಗೆಲುವಿನ ಹೊಡೆತ ಇಲ್ಲ. ಬೆವರು ಅಂದರೆ ಆಗದ ಹುಡುಗ ಬೆವರಿಂದಲೇ ಸೋಲುತ್ತಾನೆ, ಮತ್ತು ಆ ಹೊತ್ತಿಗೆ ಅವನಿಗೆ ಇನ್ನೂ ಆಡಬೇಕು ಅನ್ನಿಸುತ್ತಿರುತ್ತದೆ. ಇದನ್ನು ಹೀಗೆ ತೋರಿಸಲು ನಿರ್ದೇಶಕನಿಗೆ ಧೈರ್ಯ ಬೇಕು. ನನಗೆ ಕಳೆದ ಕೆಲವು ವರ್ಷಗಳಲ್ಲಿ ಆಟದ ಬಗ್ಗೆ ಬಂದ ಯಾವ ಸಿನಿಮಾದಲ್ಲೂ ಇಂಥ ದೃಶ್ಯ ಸಿಕ್ಕಿಲ್ಲ.

ಪಂದ್ಯ ಮುಗಿದಮೇಲೆ ಕೆನ್ಮಾ ಕುರೋಗೆ, ನನಗೆ ವಾಲಿಬಾಲ್ ಕಲಿಸಿದ್ದಕ್ಕೆ ಥ್ಯಾಂಕ್ಸ್ ಅನ್ನುತ್ತಾನೆ. ಕುರೋಗೆ ಉತ್ತರ ಕೊಡಲು ಆಗುವುದಿಲ್ಲ.

ಸಿನಿಮಾದಲ್ಲಿ ತೊಂದರೆಯೂ ಇದೆ. 85 ನಿಮಿಷ ಸಾಲದು. ಮಾಂಗಾದಲ್ಲಿ ಈ ಪಂದ್ಯ ನಿಧಾನವಾಗಿ, ಎಷ್ಟೋ ಅಧ್ಯಾಯ ನಡೆಯುತ್ತದೆ. ಇಲ್ಲಿ ಕೆನ್ಮಾ, ಹಿನಾತಾ, ಕುರೋ, ಬ್ಲಾಕ್ ಕಲಿಯುವ ಎತ್ತರದ ಹುಡುಗ ತ್ಸುಕಿಶಿಮಾ, ಇಷ್ಟು ಜನಕ್ಕೆ ಜಾಗ ಸಿಕ್ಕಿದೆ. ಉಳಿದವರು ಬಂದ ಹಾಗೆ ಹೋಗುತ್ತಾರೆ. ನೆಕೊಮಾ ಅಂದರೇ ರಿಸೀವ್, ಎದುರಾಳಿ ಹೊಡೆದ ಚೆಂಡನ್ನು ನೆಲಕ್ಕೆ ಬಿಡದೆ ಎತ್ತುವುದು. ಅಂಥ ತಂಡದಲ್ಲಿ ಹಿಂದೆ ನಿಂತು ಚೆಂಡು ಎತ್ತುವುದಕ್ಕೇ ಇರುವ ಆಟಗಾರ, ಅಂದರೆ ಲಿಬೆರೊ, ಯಾಕು ಅನ್ನುವ ಹುಡುಗ ಇನ್ನೂ ಹತ್ತು ನಿಮಿಷ ಇರಬೇಕಿತ್ತು. ಸರಣಿ ನೋಡದೆ ನೇರ ಬಂದವರಿಗೆ ಯಾರು ಯಾರೆಂದು ತಿಳಿಯುವುದೂ ಕಷ್ಟ.

ನೆಕೊಮಾದ ಆಟ ನೋಡಿದಾಗಲೆಲ್ಲ ನನಗೆ 1964ರ ಟೋಕಿಯೊ ಒಲಿಂಪಿಕ್ಸ್ ನೆನಪಾಗುತ್ತದೆ. ವಾಲಿಬಾಲ್ ಒಲಿಂಪಿಕ್ಸ್‌ಗೆ ಬಂದ ಮೊದಲ ವರ್ಷ. ಜಪಾನಿನ ಮಹಿಳಾ ತಂಡದಲ್ಲಿ ಹೆಚ್ಚಿನವರು ಒಂದೇ ನೂಲಿನ ಗಿರಣಿಯ ತಂಡದವರು. ಕೋಚ್ ದೈಮಾತ್ಸು ಅವರಿಗೆ ಕಲಿಸಿದ್ದು ಉರುಳಿ ಚೆಂಡು ಎತ್ತಿ, ಅದೇ ಉರುಳಿನಲ್ಲಿ ಎದ್ದು ನಿಲ್ಲುವ ರಿಸೀವ್. ಸೋವಿಯತ್ ತಂಡವನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಚಿನ್ನ ಗೆದ್ದರು. ಚೆಂಡು ನೆಲಕ್ಕೆ ಬೀಳದಿದ್ದರೆ ಸೋಲಿಲ್ಲ ಅನ್ನುವ ಅವರ ಹಟವೇ ಈ ಬೆಕ್ಕಿನ ತಂಡಕ್ಕೂ ಬಂದಿದೆ ಅಂತ ನನ್ನ ಅನಿಸಿಕೆ.

ಈ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಪಿಟಿ ಮೇಷ್ಟ್ರುಗಳು ನೋಡಲೇಬೇಕು. ಕುರೋ ಚಿಕ್ಕವನಿದ್ದಾಗ ನೆಟ್ ಮೇಲೆ ಕೈ ಹೋಗುವುದಿಲ್ಲ. ಮುದುಕ ಕೋಚ್ ನೆಕೊಮಾತಾ ನೆಟ್ಟನ್ನೇ ಕೆಳಗಿಳಿಸುತ್ತಾರೆ. ಮೊದಲು ಮಗುವಿಗೆ ‘ನನ್ನಿಂದ ಆಗುತ್ತದೆ’ ಅನ್ನುವ ಖುಷಿ ಸಿಗಲಿ ಅನ್ನುವುದು ಅವರ ಲೆಕ್ಕ. ಗಂಡಸರ ನೆಟ್ 2.43 ಮೀಟರ್. ನಾನು ಓದಿದ ಶಾಲೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೂ ಕಂಬದ ತುದಿಗೇ ನೆಟ್ ಕಟ್ಟಿರುತ್ತಿತ್ತು. ಕುಳ್ಳ ಹುಡುಗರು ಹೊರಗೆ ಹೋದ ಚೆಂಡು ತಂದುಕೊಡುವ ಕೆಲಸಕ್ಕೆ. ಹುಡುಗಿಯರಿಗಂತೂ ಥ್ರೋಬಾಲ್ ಸಾಕು ಅನ್ನುತ್ತಿದ್ದರು. ಹಗ್ಗ ಒಂದು ಗೇಣು ಕೆಳಗೆ ಕಟ್ಟಲು ಖರ್ಚೇನೂ ಇರಲಿಲ್ಲ. ಆ ಹಗ್ಗದ ಮೇಲೆ ನನಗೆ ಈಗಲೂ ಸಿಟ್ಟಿದೆ.

ನೋಡುವವರು ದಯವಿಟ್ಟು ಸೀದಾ ಸಿನಿಮಾಕ್ಕೆ ಬರಬೇಡಿ, ಸರಣಿಯಿಂದ ಶುರುಮಾಡಿ. ನಾಲ್ಕು ಸೀಸನ್ ಸೇರಿ 85 ಎಪಿಸೋಡ್, ಒಂದೊಂದು ಅರ್ಧ ಗಂಟೆಯೂ ಇಲ್ಲ. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ವಾಲಿಬಾಲ್ ಆಡಿದ ಮಾವನೋ ಚಿಕ್ಕಪ್ಪನೋ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು, ಕೆನ್ಮಾ ಕಡೆಯವರು ಆ ಸರ್ವ್ ಅಲ್ಲೇ ಯಾಕೆ ಬೀಳಿಸುತ್ತಾರೆ ಅಂತ ಅವರು ಎದ್ದು ನಿಂತು ತೋರಿಸುತ್ತಾರೆ.