ಖಾಲಿ ಹಾಳೆಗೆ ಸಹಿ ಹಾಕೋಕೆ ಮಾತ್ರ ನಾವು ಬೇಕಾ?

ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರೋ ಹಾಗೆ ಮಾಡಿ ಅಂತ ಕೇಳಿದ್ದಕ್ಕೆ ನಾನೀಗ ಊರಲ್ಲಿ ರಾಜಕೀಯ ಮಾಡುವವಳು. ಹೊಟ್ಟೆ ಉರಿಯುತ್ತಿದೆ. ಹೇಳಿಕೊಳ್ಳದೆ ಇರೋಕೆ ಆಗುತ್ತಿಲ್ಲ.

ಮಗಳು ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ಕ್ಲಾಸು. ಮೊದಲೆಲ್ಲ ಎಲ್ಲರ ಹಾಗೆ ಗೇಟಿನ ತನಕ ಬಿಟ್ಟು ಬರುತ್ತಿದ್ದೆ. ಆಮೇಲೆ ಶಾರದಾ ಪೂಜೆಗೆ ಕರೆದರು, ಹೋದೆ. ಸ್ವಾತಂತ್ರ್ಯ ದಿನಕ್ಕೆ ರಂಗೋಲಿ ಹಾಕಿಕೊಡಿ ಅಂದರು, ಹಾಕಿದೆ. ಬಿಸಿಯೂಟದ ಅಡುಗೆಯವರು ಬರದ ದಿನ ಕೂತು ಸೊಪ್ಪು ಬಿಡಿಸಿಕೊಟ್ಟೆ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ದುಡ್ಡು ಸಾಲದು ಅಂದಾಗ ಮನೆಮನೆ ತಿರುಗಿ ಚಂದಾ ಎತ್ತಿದೆ. ಅಲ್ಲೀತನಕ ನಾನು ಬಲು ಒಳ್ಳೆಯವಳು. "ನಿಮ್ಮಂಥ ಪೋಷಕರಿದ್ದರೆ ಶಾಲೆ ಉದ್ಧಾರ ಆಗುತ್ತಮ್ಮ" ಅಂತ ಮೈಕಿನಲ್ಲೇ ಹೇಳಿದ್ದರು. ಎಸ್‌ಡಿಎಂಸಿಗೆ, ಅಂದರೆ ಶಾಲೆ ನೋಡಿಕೊಳ್ಳೋ ಪೋಷಕರ ಸಮಿತಿಗೆ, ನನ್ನ ಹೆಸರು ಸೇರಿಸಿದ್ದೂ ಅದೇ ಖುಷಿಯಲ್ಲಿ. ಸಮಿತಿಯಲ್ಲಿ ಕೂತು ಬಾಯಿ ಬಿಟ್ಟೆ ನೋಡಿ, ಅಲ್ಲಿಂದ ಶುರುವಾಯಿತು.

ಮೊದಲ ಸಭೆಗೆ ಹೋದರೆ ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಯಜಮಾನರು ಕೂತಿದ್ದಾರೆ. ಅವರೆಲ್ಲಿ ಅಂತ ಕೇಳಿದೆ. "ಅವಳಿಗೆ ಇದೆಲ್ಲ ಏನು ಗೊತ್ತಾಗುತ್ತೆ ಬಿಡಮ್ಮ, ಪುಸ್ತಕ ಮನೆಗೆ ಕಳಿಸಿದರೆ ಸೈನ್ ಹಾಕ್ತಾಳೆ" ಅಂದರು. ಅಲ್ಲಿದ್ದ ಒಬ್ಬರಿಗೂ ಅದು ತಪ್ಪು ಅನ್ನಿಸಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದೆ: ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಹೆಂಗಸರು ಅಂದರೆ ಹೆಂಗಸರು. ಅವರ ಗಂಡಂದಿರಲ್ಲ.

ಆಮೇಲೆ ನಡಾವಳಿ ಪುಸ್ತಕ ಬಂತು. ಮೇಲೆ ತಾರೀಕು. ಕೆಳಗೆ ಸಾಲಾಗಿ ನಮ್ಮ ಹೆಸರು, ಪಕ್ಕದಲ್ಲಿ ಸಹಿಗೆ ಜಾಗ. ನಡುವೆ ಮುಕ್ಕಾಲು ಪುಟ ಖಾಲಿ. ಏನು ತೀರ್ಮಾನ ಆಯಿತು ಅಂತ ಒಂದಕ್ಷರ ಇಲ್ಲ. "ಆಮೇಲೆ ಬರ್ಕೊತೀವಿ, ನೀವು ಸೈನ್ ಹಾಕಿ ಹೊರಡಿ, ಮನೇಲಿ ಕೆಲಸ ಇರುತ್ತೆ" ಅಂದರು. ಶಾಲೆಗೆ ಬರೋ ಅನುದಾನ ಹೇಗೆ ಖರ್ಚಾಗುತ್ತೆ ಅಂತ ನೋಡೋದೇ ಈ ಸಮಿತಿಯ ಕೆಲಸ. ಬ್ಯಾಂಕ್ ಖಾತೆ ಇರೋದು ಅಧ್ಯಕ್ಷರು, ಹೆಡ್‌ಮಾಸ್ಟರು ಇಬ್ಬರ ಹೆಸರಲ್ಲಿ. ಹಾಗಿದ್ದ ಮೇಲೆ ಖಾಲಿ ಹಾಳೆಗೆ ನಾವ್ಯಾಕೆ ಸಹಿ ಹಾಕಬೇಕು? ಏನಾದರೂ ಆದರೆ ನಾಳೆ ಯಾರನ್ನ ಕೇಳ್ತಾರೆ?

ಈಗ ಶೌಚಾಲಯದ ವಿಷಯ. ಎರಡು ಕೋಣೆ ಇವೆ. ಒಂದರಲ್ಲಿ ಪೈಪು ಒಡೆದು ನಲ್ಲಿಯಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವೂ ಇಲ್ಲ. ಇನ್ನೊಂದು ಚೆನ್ನಾಗಿದೆ, ಅದಕ್ಕೆ ಬೀಗ. ಕೀ ಆಫೀಸ್ ರೂಮಿನಲ್ಲಿ. ಯಾಕೆ ಅಂದರೆ ಮೇಲಿನವರು ವಿಸಿಟ್‌ಗೆ ಬಂದಾಗ ಬೇಕಂತೆ! ಬೆಳಿಗ್ಗೆ ನಾನು ತುಂಬಿಸಿ ಕಳಿಸಿದ ನೀರಿನ ಬಾಟಲಿ ಸಂಜೆ ತುಂಬಿದ ಹಾಗೇ ವಾಪಸ್ ಬರುತ್ತೆ. ಯಾಕೆ ಕುಡಿದಿಲ್ಲ ಅಂತ ಗದರಿಸಿದರೆ, "ಕುಡಿದರೆ ಹೋಗಬೇಕಾಗುತ್ತಲ್ಲಮ್ಮ" ಅಂದಳು. ಆರನೇ ಕ್ಲಾಸಿನ ಹುಡುಗಿ ಬಾಯಾರಿಕೆ ತಡೆದುಕೊಂಡು ಪಾಠ ಕೇಳಬೇಕಾ? ಏಳನೇ ಕ್ಲಾಸಿನ ಹುಡುಗಿಯರು ಮುಟ್ಟಾದ ದಿನಗಳಲ್ಲಿ ಶಾಲೆಗೇ ಬರಲ್ಲ. ಸರ್ಕಾರವೇ ಶುಚಿ ಯೋಜನೆಯಲ್ಲಿ ಪ್ಯಾಡ್ ಕೊಡುತ್ತೆ. ಬದಲಾಯಿಸಿಕೊಳ್ಳೋಕೆ ಒಂದು ಜಾಗ ಬೇಡವಾ?

ಇದನ್ನೇ ಸಭೆಯಲ್ಲಿ ಕೇಳಿದೆ. ಗಂಡಸರೆಲ್ಲ ತಲೆ ತಗ್ಗಿಸಿ ಮೊಬೈಲ್ ನೋಡೋಕೆ ಶುರು ಮಾಡಿದರು. ಒಬ್ಬರು "ಇಂಥದ್ದೆಲ್ಲ ಸಭೆಯಲ್ಲಿ ಮಾತಾಡೋದಾ" ಅಂದರು. ವಾರದೊಳಗೆ ಊರಲ್ಲಿ ಮಾತು ಹಬ್ಬಿತು. ನಾನು ಪಂಚಾಯ್ತಿ ಚುನಾವಣೆಗೆ ನಿಲ್ಲೋಕೆ ಈಗಲೇ ದಾರಿ ಮಾಡಿಕೊಳ್ಳುತ್ತಿದ್ದೀನಂತೆ. ಮನೆಯಲ್ಲಿ ಅತ್ತೆ "ಸುಮ್ನೆ ಇರಬಾರದಾ, ನಾಳೆ ಮಗೂನ ಫೇಲ್ ಮಾಡಿದ್ರೆ?" ಅಂತ ದಿನಾ ಕೊರೆಯುತ್ತಾರೆ. ಅವರ ಭಯವೂ ನಿಜವೇ. ಆ ಭಯ ಇದೆ ಅಂತ ಗೊತ್ತಿರೋದಕ್ಕೇ ಅಲ್ವಾ ಇವರು ಹೀಗೆ ನಡೆದುಕೊಳ್ಳೋದು?

ಮೇಷ್ಟ್ರುಗಳನ್ನ ನಾನು ಬೈಯುತ್ತಿಲ್ಲ. ಏಳು ಕ್ಲಾಸಿಗೆ ಮೂರು ಜನ, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ, ಎಲ್ಲ ಅವರ ತಲೆ ಮೇಲೆ. 2025ರಲ್ಲಿ ಜಾತಿ ಸಮೀಕ್ಷೆ ಅಂತ ದಸರಾ ರಜೆಯಲ್ಲೂ ಬಿಸಿಲಲ್ಲಿ ಮನೆಮನೆ ಅಲೆದರು. ನೋಡಿದ್ದೀನಿ, ಪಾಪ ಅನ್ನಿಸಿದೆ. ಆದರೆ ಬೀಗ ತೆಗೆಯೋಕೆ ಎಷ್ಟು ಹೊತ್ತು ಬೇಕು? ಒಡೆದ ಪೈಪಿಗೆ ಪ್ಲಂಬರ್ ಕರೆಸೋಕೆ ಯಾವ ಆದೇಶ ಬೇಕು? ಇದನ್ನ ಬಿಟ್ಟು, ಹಳದಿ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗೋ ಮಕ್ಕಳನ್ನ ತೋರಿಸಿ "ಊರಿನವರಿಗೆ ಸರ್ಕಾರಿ ಶಾಲೆ ಬೇಡ" ಅಂತಾರೆ. ಬೇಕು ಅಂತ ಬಂದು ನಿಂತವಳಿಗೆ ಏನು ಮಾಡಿದಿರಿ?

ನಾನು ಆ ಪುಟಕ್ಕೆ ಸಹಿ ಹಾಕಿಲ್ಲ, ಹಾಕೋದೂ ಇಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಆಫೀಸಿಗೆ ಅರ್ಜಿ ಬರೆದಿದ್ದೀನಿ. ಏಳನೇ ಕ್ಲಾಸಿನ ತಾಯಂದಿರೂ ಸಹಿ ಹಾಕಿಕೊಟ್ಟಿದ್ದಾರೆ. ಅಧ್ಯಕ್ಷೆಯ ಮನೆಗೂ ಹೋಗಿದ್ದೆ. "ನಂಗೂ ಬರಬೇಕು ಅಂತ ಆಸೆ ಅಕ್ಕ, ಇವರು ಬೈತಾರೆ" ಅಂದಳು. ಅವಳಿಗೂ ಅದೇ ಶಾಲೆಯಲ್ಲಿ ಮಗಳಿದ್ದಾಳೆ. ಮುಂದಿನ ಸಭೆಗೆ ಅವಳನ್ನ ನಾನೇ ಕರೆದುಕೊಂಡು ಹೋಗುತ್ತೀನಿ. ಯಜಮಾನರು ಬರೋದಾದರೆ ಬರಲಿ, ಹೊರಗೆ ಜಗುಲಿ ಮೇಲೆ ಕೂರಲಿ.